ಹೊಡೆತ ತಿಂದು ಬರೆದ ವರದಿಗಾರ

1923ರ ಬೇಸಿಗೆ. ಅಮೆರಿಕದ ಸರಟೋಗಾ ಸ್ಪ್ರಿಂಗ್ಸ್‌ನಲ್ಲಿ ಹೆವಿವೇಟ್ ಬಾಕ್ಸಿಂಗ್ ಚಾಂಪಿಯನ್ ಜಾಕ್ ಡೆಂಪ್ಸಿ ಅಭ್ಯಾಸ ಮಾಡುತ್ತಿದ್ದರು. ನ್ಯೂಯಾರ್ಕ್‌ನ ‘ಡೈಲಿ ನ್ಯೂಸ್’ ಪತ್ರಿಕೆಯ ಪಾಲ್ ಗ್ಯಾಲಿಕೊ ಎಂಬ ಯುವಕ ಹೋಗಿ, ನನ್ನ ಜೊತೆ ಒಂದು ಸುತ್ತು ಆಡಿ ಎಂದು ಕೇಳಿದರು. ಎರಡು ನಿಮಿಷ ತುಂಬುವುದರೊಳಗೆ ಗ್ಯಾಲಿಕೊ ನೆಲ ಕಚ್ಚಿದ್ದರು. ಚಾಂಪಿಯನ್ ಹೊಡೆದರೆ ಹೇಗಿರುತ್ತದೆ ಎಂದು ಗೊತ್ತಿಲ್ಲದೆ ಬಾಕ್ಸಿಂಗ್ ಬಗ್ಗೆ ಬರೆಯುವುದು ಹೇಗೆ ಎಂಬುದು ಅವರ ವಾದ.

ಆ ವರದಿ ಅವರಿಗೆ ಹೆಸರು ತಂದಿತು. 1897ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿದ ಗ್ಯಾಲಿಕೊ, ವಲಸೆ ಬಂದ ಇಟಾಲಿಯನ್ ಪಿಯಾನೊ ವಾದಕರ ಮಗ. ಪತ್ರಿಕೆಯಲ್ಲಿ ಮೊದಲು ಸಿನಿಮಾ ವಿಮರ್ಶೆ ಬರೆಯುತ್ತಿದ್ದವರು ಕ್ರೀಡಾ ಸಂಪಾದಕರಾದರು. ಬಾಬಿ ಜೋನ್ಸ್ ಜೊತೆ ಗಾಲ್ಫ್ ಆಡಿ ಬರೆದರು. 1927ರಲ್ಲಿ ಹವ್ಯಾಸಿ ಬಾಕ್ಸರ್‌ಗಳಿಗಾಗಿ ‘ಗೋಲ್ಡನ್ ಗ್ಲೋವ್ಸ್’ ಪಂದ್ಯಾವಳಿ ಶುರು ಮಾಡಿಸಿದರು.

ಇಷ್ಟೆಲ್ಲ ಇದ್ದರೂ 1936ರಲ್ಲಿ ಕೆಲಸ ಬಿಟ್ಟರು. ಕಥೆ ಬರೆದೇ ಬದುಕಬೇಕು ಎಂಬ ಹಟ. ವಯಸ್ಸು ಆಗಲೇ ನಲವತ್ತರ ಹತ್ತಿರ.

1938ರಲ್ಲಿ ಬಂದ ‘ಫೇರ್‌ವೆಲ್ ಟು ಸ್ಪೋರ್ಟ್’ ಕ್ರೀಡಾ ಲೋಕಕ್ಕೆ ಅವರು ಹೇಳಿದ ವಿದಾಯ. ಅದರಲ್ಲಿ ಪ್ರಿಮೊ ಕಾರ್ನೆರಾ ಕುರಿತ ಅಧ್ಯಾಯವಿದೆ. ಕಾರ್ನೆರಾ ಇಟಲಿಯ ಬಡ ದೈತ್ಯ, 1933ರಲ್ಲಿ ವಿಶ್ವ ಚಾಂಪಿಯನ್. ಅವರ ಎಷ್ಟೋ ಗೆಲುವುಗಳನ್ನು ಪುಂಡರು ಮೊದಲೇ ಹೊಂದಿಸಿದ್ದರು. ಏಟು ಕಾರ್ನೆರಾಗೆ, ಹಣ ಸುತ್ತಲಿನವರಿಗೆ. ಗ್ಯಾಲಿಕೊ ಇದನ್ನು ಮುಚ್ಚಿಡದೆ ಬರೆದರು. ಆದರೆ ಅದೇ ಪುಸ್ತಕದಲ್ಲಿ ಮಹಿಳಾ ಕ್ರೀಡಾಪಟುಗಳನ್ನು ಹಗುರವಾಗಿ ಕಂಡಿದ್ದಾರೆ. ಇದನ್ನೂ ಹೇಳದಿದ್ದರೆ ಅವರ ಚಿತ್ರ ಪೂರ್ತಿಯಾಗುವುದಿಲ್ಲ.

ಮುಂದೆ 1941ರಲ್ಲಿ ಪುಸ್ತಕವಾಗಿ ಬಂದ ‘ದಿ ಸ್ನೋ ಗೂಸ್’ ಅವರ ಹೆಸರನ್ನು ಉಳಿಸಿತು. ಬೆನ್ನು ಗೂನಾದ, ಜನ ದೂರವಿಟ್ಟ ಚಿತ್ರಕಾರ. ಗಾಯಗೊಂಡ ಹಕ್ಕಿಯನ್ನು ಎತ್ತಿಕೊಂಡು ಬಂದ ಹುಡುಗಿ. ಕೊನೆಗೆ ಡಂಕರ್ಕ್‌ನಲ್ಲಿ ಸಿಕ್ಕಿಬಿದ್ದ ಸೈನಿಕರನ್ನು ತನ್ನ ಪುಟ್ಟ ದೋಣಿಯಲ್ಲಿ ಸಾಗಿಸುತ್ತಲೇ ಚಿತ್ರಕಾರ ಸಾಯುತ್ತಾನೆ. 1969ರ ‘ದಿ ಪೊಸೈಡನ್ ಅಡ್ವೆಂಚರ್’ ಕಾದಂಬರಿ ಮೂರು ವರ್ಷಗಳ ನಂತರ ಸಿನಿಮಾ ಆಗಿ ಗೆದ್ದಿತು. 1976ರಲ್ಲಿ ಗ್ಯಾಲಿಕೊ ತೀರಿಕೊಂಡರು.

ಕಾರ್ನೆರಾ ಮತ್ತು ಆ ಚಿತ್ರಕಾರ, ಇಬ್ಬರಲ್ಲೂ ನಮಗೆ ಒಂದೇ ನೋಟ ಕಾಣುತ್ತದೆ: ಜನ ನಕ್ಕು ಮುಂದೆ ಹೋಗುವ ಕಡೆ ಗ್ಯಾಲಿಕೊ ನಿಂತು ನೋಡುತ್ತಾರೆ. ನಾವು ಕಳಿಸುವ ಕಬಡ್ಡಿ ವರದಿಯಲ್ಲಿ ಗೆದ್ದ ತಂಡ, ಬಹುಮಾನದ ಮೊತ್ತ, ವೇದಿಕೆಯ ಗಣ್ಯರ ಹೆಸರು ಎಲ್ಲ ಇರುತ್ತವೆ. ಮಂಡಿ ತರಚಿಕೊಂಡು, ರಾತ್ರಿ ಟೆಂಪೊ ಹತ್ತಿ ಸೋತು ಮರಳಿದ ಹುಡುಗರು ಇರುವುದಿಲ್ಲ. ಮುಂದಿನ ಪಂದ್ಯದ ವರದಿಯಲ್ಲಿ ಅವರಿಗೂ ನಾಲ್ಕು ಸಾಲು ಇಡೋಣ.