ಯಂತ್ರದ ಬದಲು ಸೇವೆಯ ಮಾರಾಟ: ಉತ್ಪಾದನಾ ಸಂಶೋಧನೆಯ ಹೊಸ ಕ್ಷೇತ್ರ

ತಯಾರಕರು ಯಂತ್ರವನ್ನು ಮಾರಿ ಕೈತೊಳೆದುಕೊಳ್ಳದೆ, ಅದರ ಕಾರ್ಯನಿರ್ವಹಣೆಯನ್ನೇ ಸೇವೆಯಾಗಿ ಒದಗಿಸಿ ಶುಲ್ಕ ಪಡೆಯುವ ಪದ್ಧತಿಯನ್ನು ‘ಸರ್ವಿಟೈಸೇಷನ್’ ಎನ್ನಲಾಗುತ್ತದೆ. ಸಾಂಡ್ರಾ ವ್ಯಾಂಡರ್‌ಮರ್ವ್ ಹಾಗೂ ಹುವಾನ್ ರಾಡಾ ಅವರು 1988ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಈ ಪದವು ಪ್ರಚಾರಕ್ಕೆ ಬಂದಿತು.

ಪದ್ಧತಿಯು ಪದಕ್ಕಿಂತ ಹಳೆಯದು. ಬ್ರಿಟನ್ನಿನ ಬ್ರಿಸ್ಟಲ್ ಸಿಡ್ಲಿ ಸಂಸ್ಥೆಯು 1962ರಲ್ಲಿ ವೈಪರ್ ವಿಮಾನ ಎಂಜಿನ್ನುಗಳ ನಿರ್ವಹಣೆಗೆ ಹಾರಾಟದ ಗಂಟೆಯೊಂದಕ್ಕೆ ನಿಗದಿತ ದರವನ್ನು ಜಾರಿಗೊಳಿಸಿತು. 1966ರಲ್ಲಿ ರೋಲ್ಸ್-ರಾಯ್ಸ್ ಈ ಸಂಸ್ಥೆಯನ್ನು ಖರೀದಿಸಿತು.

ಈ ವ್ಯವಸ್ಥೆಯಲ್ಲಿ ಎಂಜಿನ್ ಕೆಟ್ಟರೆ ದುರಸ್ತಿಯ ವೆಚ್ಚವು ತಯಾರಕರ ಮೇಲೆಯೇ ಬೀಳುತ್ತದೆ. ಬಿಡಿಭಾಗಗಳ ಮಾರಾಟದಿಂದ ಬರುತ್ತಿದ್ದ ಲಾಭವು ಖರ್ಚಾಗಿ ಮಾರ್ಪಡುತ್ತದೆ. ಆದುದರಿಂದ ಟರ್ಬೈನ್ ಅಲಗುಗಳ ಶಾಖನಿರೋಧಕ ಲೇಪನ, ಸವೆದ ಭಾಗಗಳಿಗೆ ಲೇಸರ್ ಮೂಲಕ ಲೋಹ ತುಂಬುವ ವಿಧಾನ, ದೋಷವನ್ನು ಮುಂಚಿತವಾಗಿ ತಿಳಿಸುವ ಸಂವೇದಕಗಳು ಮುಂತಾದವುಗಳ ಸಂಶೋಧನೆಯು ವ್ಯವಹಾರದ ಅಳಿವು ಉಳಿವಿನ ಪ್ರಶ್ನೆಯಾಗುತ್ತದೆ.

ಆದಾಗ್ಯೂ ಸೇವೆಯು ಲಾಭದ ಖಾತರಿಯಲ್ಲ. ಸೇವೆಗಾಗಿ ಹೂಡಿದ ಬಂಡವಾಳಕ್ಕೆ ತಕ್ಕ ಪ್ರತಿಫಲ ಬಾರದಿರುವುದನ್ನು ಸಂಶೋಧಕರು 2005ರಲ್ಲಿ ‘ಸೇವಾ ವಿರೋಧಾಭಾಸ’ ಎಂದು ಗುರುತಿಸಿದರು. 2020ರಲ್ಲಿ ಕೋವಿಡ್‌ನಿಂದಾಗಿ ವಿಮಾನಗಳು ನೆಲದಲ್ಲೇ ಉಳಿದಾಗ, ರೋಲ್ಸ್-ರಾಯ್ಸ್‌ಗೆ ಹಾರಾಟದ ಗಂಟೆಗಳಿಂದ ಬರುತ್ತಿದ್ದ ವರಮಾನವು ತೀವ್ರವಾಗಿ ಕುಸಿಯಿತು. ಕರಾರಿನಲ್ಲಿ ಯಾವ ನಷ್ಟಕ್ಕೆ ಯಾರು ಹೊಣೆ ಎಂಬುದರ ನಿರ್ಣಯವೂ, ಲೋಹ ಹಾಗೂ ಲೇಪನಗಳ ಅಧ್ಯಯನದಂತೆಯೇ, ಈ ಸಂಶೋಧನೆಯ ಅವಿಭಾಜ್ಯ ಅಂಗವಾಗಿರುತ್ತದೆ.