ದೇವರಾಜ ಮಾರುಕಟ್ಟೆಯ ಎದುರಿನ ಫುಟ್‌ಪಾತ್: ಪರಂಪರೆಯ ರಕ್ಷಣೆಯಲ್ಲಿ ಯುವಜನರ ಪಾತ್ರ ಕುರಿತು ಒಂದು ಮರುಚಿಂತನೆ

ಪಾರಂಪರಿಕ ಕಟ್ಟಡಗಳ ರಕ್ಷಣೆಗೆ ಊರಿನ ಎಳೆಯರ ಸಹಭಾಗಿತ್ವ ಬೇಕೆಂಬುದರಲ್ಲಿ ವಿದ್ವಾಂಸರಲ್ಲಿ ಭಿನ್ನಮತವಿಲ್ಲ. ಮೈಸೂರಿನ ಪಾರಂಪರಿಕ ನಡಿಗೆಗಳೂ ಎನ್‌ಎಸ್‌ಎಸ್ ಶ್ರಮದಾನಗಳೂ ಇದೇ ಒಪ್ಪಿತ ನೆಲೆಯಲ್ಲಿ ನಡೆಯುತ್ತಿವೆ. ಚರ್ಚೆಯಾಗಬೇಕಿರುವುದು ಅವರು ಯಾವ ಕೆಲಸ ಮಾಡಬೇಕು ಎಂಬುದು.

ರೋಜರ್ ಹಾರ್ಟ್ 1992ರಲ್ಲಿ ಯುನಿಸೆಫ್‌ಗಾಗಿ ಬರೆದ ಪ್ರಬಂಧ ಮಕ್ಕಳ ಸಹಭಾಗಿತ್ವವನ್ನು ಎಂಟು ಮೆಟ್ಟಿಲ ಏಣಿಯಾಗಿ ನಿರೂಪಿಸಿತು. ಹಿರಿಯರು ಆಡಿಸಿದಂತೆ ಆಡುವುದು ಕೆಳಗಿನ ಮೆಟ್ಟಿಲು. ತಾವೇ ಮೊದಲಿಟ್ಟು ಹಿರಿಯರೊಡನೆ ಕೂಡಿ ನಿರ್ಧರಿಸುವುದು ತುತ್ತತುದಿ. ಎಲ್ಲ ಸಂದರ್ಭದಲ್ಲೂ ತುದಿಗೇ ಏರಬೇಕೆಂದು ಹಾರ್ಟ್ ಹೇಳಲಿಲ್ಲ ಎಂಬುದನ್ನು ಒಪ್ಪಲೇಬೇಕು. ಆದರೂ ಆ ಏಣಿ ಅಳೆಯುವುದು ನಿರ್ಧಾರ ಯಾರದು ಎಂಬುದನ್ನಷ್ಟೇ. ಗೋಡೆಗೆ ಏನಾಯಿತು, ಗೋಡೆಯ ಬುಡದಲ್ಲಿ ನಿಂತವರಿಗೆ ಏನಾಯಿತು ಎಂಬುದು ಅದರ ಲೆಕ್ಕಕ್ಕೆ ಬರುವುದಿಲ್ಲ.

ಮೈಸೂರಿನಲ್ಲಿ ಆ ಲೆಕ್ಕ ಬಿಟ್ಟು ಮಾತಾಡುವಂತಿಲ್ಲ. 2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಜೀವ ಕಳೆದುಕೊಂಡರು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಉತ್ತರ ದ್ವಾರದ ಭಾಗ ಬಿದ್ದದ್ದು ದುರಸ್ತಿ ನಡೆಯುತ್ತಿದ್ದಾಗಲೇ. ಸುಣ್ಣದ ಗಾರೆ, ಮರದ ತೊಲೆ, ಅದರ ಮೇಲೆ ಇಟ್ಟಿಗೆ ಕೂರಿಸಿದ ಮದ್ರಾಸ್ ತಾರಸಿ: ಇಂಥ ಹಳೆಯ ಕಟ್ಟಡಗಳ ಈ ರಚನೆಯಲ್ಲಿ ನೀರು ಒಮ್ಮೆ ಒಳಗಿಳಿದರೆ ತೊಲೆಯ ತುದಿ ಗೋಡೆಯೊಳಗೇ ಕೊಳೆಯುತ್ತದೆ, ಹೊರಗೆ ಕಾಣುವುದಿಲ್ಲ.

ಇಂಥ ಕಡೆ ಶ್ರಮದಾನದ ಉತ್ಸಾಹ ಎಷ್ಟು ಅಪಾಯಕಾರಿ ಎಂಬುದಕ್ಕೆ ಅರಳಿ ಸಸಿಯೊಂದನ್ನೇ ನೋಡಬಹುದು. ಕೈಪಿಡಿಗೋಡೆಯ ಸಂದಿಯಲ್ಲಿ ಹಕ್ಕಿ ಬಿಟ್ಟ ಬೀಜ ಮೊಳೆತು ನಾಲ್ಕೆಲೆ ಬಿಟ್ಟಿರುತ್ತದೆ. ಮೇಲೆ ಹತ್ತಿದ ಹುಡುಗ ಅದನ್ನು ಕಿತ್ತರೆ ಬೇರು ಹಿಡಿದ ಗಾರೆಯೂ ಸಡಿಲಾದ ಇಟ್ಟಿಗೆಯೂ ಜೊತೆಗೇ ಬರುತ್ತವೆ. ತುಂಡಾಗಿ ಒಳಗುಳಿದ ಬೇರು ಮತ್ತೆ ಚಿಗುರುತ್ತದೆ. ಗೋಡೆಗೂ ಹಾನಿ, ಹುಡುಗನಿಗೂ ಅಪಾಯ. ಅದೇ ಸಸಿಯನ್ನು ಮಾರುಕಟ್ಟೆಯ ಮುಂದಿನ ಸಯ್ಯಾಜಿರಾವ್ ರಸ್ತೆಯ ಎದುರು ಫುಟ್‌ಪಾತಿನಿಂದ, ಪ್ರತಿ ತಿಂಗಳು ಒಂದೇ ಜಾಗದಲ್ಲಿ ನಿಂತು, ದಿನಾಂಕ ಸಹಿತ ಚಿತ್ರ ತೆಗೆದಿಟ್ಟರೆ ಅದು ಯಾವಾಗ ಹುಟ್ಟಿತು, ಕೆಳಗಿನ ಬಿರುಕು ಯಾವ ಮಳೆಯ ನಂತರ ಬಾಯಿಬಿಟ್ಟಿತು ಎಂಬುದು ದಾಖಲಾಗುತ್ತದೆ. ಕೀಳುವ ಕೆಲಸ ನುರಿತ ಗಾರೆಯವರದು.

ಹಾರ್ಟರ ಏಣಿಯಲ್ಲಿ ಈ ನೋಡುವ, ಬರೆದಿಡುವ ಕೆಲಸಕ್ಕೆ ಅದರದೇ ಆದ ಮೆಟ್ಟಿಲಿಲ್ಲ. ನನ್ನ ವಾದ ಇದು: ಮುಟ್ಟದೆ ಮಾಡುವ ಈ ನಿರಂತರ ದಾಖಲೀಕರಣ ಸುರಕ್ಷಿತವಾದದ್ದು ಮಾತ್ರವಲ್ಲ, ಯುವಜನರು ಮಾಡಬಹುದಾದ ಅತ್ಯಂತ ಪರಿಣಾಮಕಾರಿ ಕೆಲಸವೂ ಹೌದು. 2022ರ ಅಕ್ಟೋಬರ್‌ನಲ್ಲಿ ಮಹಾರಾಣಿ ವಿಜ್ಞಾನ ಕಾಲೇಜಿನ ಹಳೆಯ ಕಟ್ಟಡದ ಭಾಗ ಕುಸಿದಾಗ ಪ್ರಾಣಹಾನಿಯಾಗಲಿಲ್ಲ. ಬಿರುಕು ಕಂಡು ವಿದ್ಯಾರ್ಥಿಗಳನ್ನು ಮೊದಲೇ ಹೊರಗೆ ಕಳಿಸಿದ್ದರು. 2025ರ ಜನವರಿಯಲ್ಲಿ ಅದನ್ನು ಕೆಡವುವಾಗ ಮಾತ್ರ ಕಾರ್ಮಿಕರೊಬ್ಬರು ಅವಶೇಷದಡಿ ಸಿಲುಕಿ ಸತ್ತರು. ಅದೇ ದಿನನಿತ್ಯದ ಕೆಲಸವಾದವರಿಗೇ ಇಂಥ ಗತಿಯಾದರೆ, ಭಾನುವಾರದ ಸ್ವಯಂಸೇವಕರನ್ನು ಅಂಥ ಗೋಡೆಯ ಹತ್ತಿರ ಬಿಡುವುದು ಎಂದಿಗೂ ಸಲ್ಲದು.

ಈ ವಾದಕ್ಕೆ ಮಿತಿಗಳಿವೆ. ಮಹಾರಾಣಿ ಕಾಲೇಜಿನಲ್ಲಿ ಬಿರುಕು ಕಂಡದ್ದು ಒಳಗಿದ್ದವರಿಗೆ, ಬೀದಿಯಲ್ಲಿದ್ದವರಿಗಲ್ಲ. ಒಂದೇ ನಿದರ್ಶನದಿಂದ ನಿಯಮ ಹುಟ್ಟದು. ಎಲ್ಲ ಬಿರುಕೂ ಕುಸಿತದ ಸೂಚನೆಯಲ್ಲ. ಎಷ್ಟೋ ಬಿರುಕುಗಳು ಹಾಗೇ ಉಳಿದಿರುತ್ತವೆ. ಕೊಳೆತ ತೊಲೆ ಫೋಟೋದಲ್ಲಿ ಕಾಣದು. ಆದ್ದರಿಂದ ಈ ಚಿತ್ರಮಾಲಿಕೆ ಎಂಜಿನಿಯರರ ಪರೀಕ್ಷೆಗೆ ಬದಲಿಯಲ್ಲ. ಎಲ್ಲಿ, ಯಾವಾಗ ಪರೀಕ್ಷಿಸಬೇಕೆಂದು ತೋರಿಸುವ ಸಾಧನವಷ್ಟೇ. ಆದರೂ ಮುಟ್ಟದ ದಾಖಲೀಕರಣವನ್ನು ನಮ್ಮಲ್ಲೇ ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದವರಿದ್ದಾರೆ: ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಕಾಪಿಡುತ್ತಿದೆ.

ಬಗೆಹರಿಯದ ಪ್ರಶ್ನೆಯೊಂದು ಉಳಿದಿದೆ. ದೇವರಾಜ ಮಾರುಕಟ್ಟೆಯನ್ನು ಕೆಡವಿ ಕಟ್ಟಬೇಕೆಂಬ ಅಧಿಕೃತ ಸಮಿತಿಯ ಶಿಫಾರಸಿಗೂ ದುರಸ್ತಿ ಸಾಧ್ಯವೆಂಬ, ಪರಂಪರೆ ಸಂರಕ್ಷಣಾ ಸಂಸ್ಥೆ ಇಂಟ್ಯಾಕ್‌ನ ನಿಲುವಿಗೂ ನಡುವೆ ವರ್ಷಗಟ್ಟಲೆ ಜಗ್ಗಾಟ ನಡೆಯಿತು. ಬಿರುಕು ಬೆಳೆಯುತ್ತಿದೆ ಎಂದು ತೋರಿಸುವ ಚಿತ್ರಗಳು ದುರಸ್ತಿಯನ್ನು ತ್ವರೆಗೊಳಿಸಲೂಬಹುದು, ಕೆಡವಬೇಕೆನ್ನುವವರಿಗೆ ಸಾಕ್ಷ್ಯವಾಗಲೂಬಹುದು. ಎಳೆಯರು ಕೂಡಿಟ್ಟ ದಾಖಲೆ ಯಾರ ಸುಪರ್ದಿನಲ್ಲಿರಬೇಕು, ಅದನ್ನು ಅರ್ಥೈಸುವಾಗ ಅವರ ಮಾತಿಗೆ ಎಷ್ಟು ಬೆಲೆ ಇರಬೇಕು ಎಂಬಲ್ಲಿ ಹಾರ್ಟರ ಪ್ರಶ್ನೆ ಮತ್ತೆ ಎದುರಾಗುತ್ತದೆ. ಅದಕ್ಕೆ ಉತ್ತರ ಈ ಲೇಖನದಲ್ಲಿಲ್ಲ.