ಮರಣದಂಡನೆಯ ಚರ್ಚೆಗೆ ಲಾವಣಿಗಳ ಸಾಕ್ಷ್ಯ

ಮರಣದಂಡನೆ ನ್ಯಾಯಸಮ್ಮತವೇ ಎಂಬ ಚರ್ಚೆ ನಮ್ಮಲ್ಲಿ ಬಹುಮಟ್ಟಿಗೆ ಕಾನೂನುತಜ್ಞರ ವಲಯದೊಳಗೇ ನಡೆದುಬಂದಿದೆ. ದಂಡನೆ ಯಾರ ಕಣ್ಣಮುಂದೆ ನೆರವೇರಿತೋ, ಯಾರನ್ನು ಹೆದರಿಸುವುದು ಅದರ ಉದ್ದೇಶವಾಗಿತ್ತೋ, ಆ ಜನಸಮುದಾಯ ಅದನ್ನು ಹೇಗೆ ಗ್ರಹಿಸಿತು ಎಂಬ ಪ್ರಶ್ನೆಗೆ ಅಲ್ಲಿ ದೊರೆತ ಸ್ಥಾನ ಅಲ್ಪ. ಉತ್ತರ ಕರ್ನಾಟಕದ ಲಾವಣಿಗಳೂ ಸ್ಥಳೀಯ ಆಚರಣೆಗಳೂ ಈ ಕೊರತೆಯನ್ನು ಸ್ವಲ್ಪಮಟ್ಟಿಗಾದರೂ ತುಂಬಿಕೊಡಬಲ್ಲವು.

ಕಿತ್ತೂರು ಸಂಸ್ಥಾನದ ಪತನಾನಂತರ ಬ್ರಿಟಿಷರ ವಿರುದ್ಧ ದಂಡು ಕಟ್ಟಿದ ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿ 26ರಂದು ಇಂದಿನ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ನಂದಗಡದಲ್ಲಿ ಗಲ್ಲಿಗೇರಿಸಲಾಯಿತು. ಆಲದ ಮರಕ್ಕೆ ನೇಣು ಹಾಕಿದರೆಂಬುದು ಜನಜನಿತ. ಸೆರೆಮನೆಯ ಗೋಡೆಯ ಮರೆಯಲ್ಲಿ ಮುಗಿಸಬಹುದಾಗಿದ್ದ ಕಾರ್ಯವನ್ನು ಬಯಲಿನಲ್ಲಿ ನೆರವೇರಿಸಿದುದರ ಹಿಂದಿನ ತರ್ಕ ಸ್ಪಷ್ಟ: ನೋಡಿದವರು ಅಂಜಬೇಕು, ಅಂಜಿದವರು ಅಡಗಬೇಕು. ಆದರೆ ನಂದಗಡದಲ್ಲಿ ಆದುದೇ ಬೇರೆ. ರಾಯಣ್ಣನ ಸಮಾಧಿ ಯಾತ್ರಾಸ್ಥಳವಾಯಿತು. ಸಮಾಧಿಯ ಬಳಿಯ ಆಲವನ್ನು ಅವನ ಒಡನಾಡಿ ಬಿಚ್ಚುಗತ್ತಿ ಚನ್ನಬಸಪ್ಪ ನೆಟ್ಟನೆಂಬ ಐತಿಹ್ಯವಿದೆ. ಅಲ್ಲಿಗೆ ಬಂದು ಸಂತಾನಕ್ಕಾಗಿ ಹರಕೆ ಹೊರುವವರಿದ್ದಾರೆ. ಸಾವಿನ ಕುರುಹಾಗಬೇಕಿದ್ದ ನೆಲವನ್ನು ಜನ ಹುಟ್ಟಿನ ಆಶಯಕ್ಕೆ ಜೋಡಿಸಿಕೊಂಡಿರುವುದು ಜಾನಪದ ಅಧ್ಯಯನದ ದೃಷ್ಟಿಯಿಂದ ಅತ್ಯಂತ ಗಮನಾರ್ಹವಾದ ಸಂಗತಿ.

ಹಲಗಲಿಯ ಪ್ರಸಂಗವೂ ಇದೇ ಬಗೆಯದು. 1857ರ ನಿಶ್ಶಸ್ತ್ರೀಕರಣದ ಆಜ್ಞೆಗೆ ಮಣಿಯದ ಅಲ್ಲಿನ ಬೇಡರ ಮೇಲೆ ಸೈನ್ಯ ಎರಗಿತು. ಊರಿಗೆ ಬೆಂಕಿ ಬಿದ್ದಿತು. ಆ ವರ್ಷದ ಡಿಸೆಂಬರ್‌ನಲ್ಲಿ 19 ಜನರನ್ನು ಗಲ್ಲಿಗೇರಿಸಲಾಯಿತು. ಆಯುಧ ಬೇಡನಿಗೆ ಬದುಕಿನ ಉಪಕರಣವಾಗಿತ್ತು, ಮಾನದ ಗುರುತೂ ಆಗಿತ್ತು ಎಂಬುದನ್ನು ಆಜ್ಞೆ ಹೊರಡಿಸಿದವರು ಅರಿತಂತೆ ತೋರುವುದಿಲ್ಲ, ಲಾವಣಿಕಾರ ಅರಿತಿದ್ದಾನೆ. ಹಲಗಲಿಯ ಬೇಡರ ಲಾವಣಿಯನ್ನೂ ರಾಯಣ್ಣನ ಲಾವಣಿಯನ್ನೂ ಸಂಗ್ರಹಿಸಿ ಪ್ರಕಟಿಸಿದವನು ಮುಂಬಯಿ ಸರಕಾರದ ಅಧಿಕಾರಿಯೂ ಶಾಸನತಜ್ಞನೂ ಆಗಿದ್ದ ಜೆ. ಎಫ್. ಫ್ಲೀಟ್. ಗಲ್ಲಿಗೇರಿಸಿದ ಆಡಳಿತದ ನೌಕರನೇ ಗಲ್ಲಿಗೇರಿದವರ ಹಾಡನ್ನು ಅಚ್ಚಿಗೆ ಕೊಟ್ಟದ್ದು ಇತಿಹಾಸದ ಒಂದು ವಿಚಿತ್ರ.

ಗಲ್ಲಿನ ಭಯ ಅಪರಾಧವನ್ನು ತಡೆಯುತ್ತದೆಂಬುದು ಮರಣದಂಡನೆಯ ಪರವಾದ ಹಳೆಯ ವಾದ. ಈ ವಾದಕ್ಕೆ ಮೇಲಿನ ಘಟನೆಗಳಿಂದ ಬೆಂಬಲ ದೊರೆಯುವುದಿಲ್ಲ. ನಂದಗಡದ ಗಲ್ಲಿಗೆ ಮೂರು ದಶಕ ತುಂಬುವ ಮೊದಲೇ ಅದೇ ಸೀಮೆಯಲ್ಲಿ ಹಲಗಲಿ ಸಿಡಿದೆದ್ದಿತು. ಅದರ ಬೆನ್ನಿಗೇ ನರಗುಂದ. ನರಗುಂದದ ಭಾಸ್ಕರರಾವ್ ಭಾವೆಯನ್ನು 1858ರ ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಆದರೆ ಈ ಸಾಕ್ಷ್ಯವನ್ನು ಅದರ ಮಿತಿ ಮೀರಿ ಎಳೆಯಲಾಗದು. ಇವರೆಲ್ಲ ಪ್ರಭುತ್ವದ ಕಣ್ಣಿಗಷ್ಟೇ ಅಪರಾಧಿಗಳು. ಹಣಕ್ಕಾಗಿ ನೆರೆಯವನನ್ನು ಕೊಂದವನ ಮೇಲೆ ಯಾರೂ ಲಾವಣಿ ಕಟ್ಟಿ ಹರಕೆ ಹೊರಲಾರರು. ಮೇಲಾಗಿ ಲಾವಣಿ ಅಹಿಂಸೆಯ ಪಾಠವಲ್ಲ. ನಂಬಿದವನನ್ನು ಹಿಡಿದುಕೊಟ್ಟವರ ಬಗ್ಗೆ ಅದಕ್ಕೆ ಕರುಣೆಯಿಲ್ಲ; ಅವರ ನಾಶವನ್ನೇ ಅದು ಬಯಸುತ್ತದೆ. ಜನಪದರು ಮರಣದಂಡನೆಯನ್ನು ವಿರೋಧಿಸಿದರೆಂದು ಹೇಳಿಬಿಡುವುದು ಸುಲಭ, ಆದರೆ ಸತ್ಯಕ್ಕೆ ದೂರ. ಅವರು ಪ್ರಶ್ನಿಸಿದ್ದು ಕೊಲ್ಲುವ ಅಧಿಕಾರ ಯಾರ ಕೈಯಲ್ಲಿದೆ ಎಂಬುದನ್ನು.

ದಂಡನೆಯಲ್ಲಿ ತಪ್ಪಾಗಬಹುದೆಂಬ ಅರಿವು ಮಾತ್ರ ಕನ್ನಡಕ್ಕೆ ಬಹಳ ಹಳೆಯದು. ರಾಘವಾಂಕನ ಹರಿಶ್ಚಂದ್ರಕಾವ್ಯದಲ್ಲಿ ಚಂದ್ರಮತಿ ಕಾಶಿಯ ರಾಜಕುಮಾರನನ್ನು ಕೊಂದಳೆಂಬ ಆರೋಪಕ್ಕೆ ಗುರಿಯಾಗುತ್ತಾಳೆ. ಅವಳು ನಿರಪರಾಧಿ, ಆದರೆ ರಾಜನ ಆಜ್ಞೆ ಹೊರಟಾಗಿದೆ, ಶಿರಚ್ಛೇದಕ್ಕೆ ನಿಯುಕ್ತನಾದವನು ಗಂಡನೇ. ಈ ಸನ್ನಿವೇಶ ಬಯಲಾಟದಲ್ಲಿ ಬಂದಾಗ ಪ್ರೇಕ್ಷಕರ ಮನಸ್ಸು ಹರಿಶ್ಚಂದ್ರನ ಸತ್ಯನಿಷ್ಠೆಗೆ ಮಣಿಯುವಷ್ಟೇ ಆ ಹೆಂಗಸಿನ ಕೊರಳಿಗಾಗಿ ತಲ್ಲಣಿಸುತ್ತದೆ. ಕತ್ತಿಯೆತ್ತಿದ ಗಳಿಗೆಯಲ್ಲಿ ಶಿವ ಪ್ರತ್ಯಕ್ಷನಾಗುತ್ತಾನೆ. ನ್ಯಾಯಾಲಯಗಳಿಗೆ ಅಂಥ ಅನುಕೂಲವಿಲ್ಲ.

ಭಾರತೀಯ ಕಾನೂನು ಈ ಆತಂಕದತ್ತ ಮೆಲ್ಲಗೆ ಸರಿದಿದೆ. ಕೊಲೆಗೆ ಮರಣದಂಡನೆ ವಿಧಿಸದಿದ್ದರೆ ಕಾರಣ ಕೊಡಬೇಕೆಂದು 1898ರ ಸಂಹಿತೆ ಹೇಳುತ್ತಿತ್ತು. 1955ರ ತಿದ್ದುಪಡಿ ಅದನ್ನು ಕೈಬಿಟ್ಟಿತು. 1973ರ ಸಂಹಿತೆ ಮರಣದಂಡನೆ ವಿಧಿಸುವುದಕ್ಕೇ ವಿಶೇಷ ಕಾರಣ ಬೇಕೆಂದಿತು. 1967ರಲ್ಲಿ ಈ ಶಿಕ್ಷೆ ಉಳಿಯಲಿ ಎಂದಿದ್ದ ಕಾನೂನು ಆಯೋಗ 2015ರ ವರದಿಯಲ್ಲಿ ಭಯೋತ್ಪಾದನೆಯ ಪ್ರಕರಣಗಳ ಹೊರತು ರದ್ದಾಗಲಿ ಎಂದಿತು. ಆದರೂ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಅದನ್ನು ಉಳಿಸಿಕೊಂಡಿದೆ. 1980ರ ಬಚನ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಬಹುಮತ ಮರಣದಂಡನೆಯನ್ನು ಸಂವಿಧಾನಬದ್ಧವೆಂದಿತು. ಒಪ್ಪದಿದ್ದವರು ನ್ಯಾಯಮೂರ್ತಿ ಪಿ. ಎನ್. ಭಗವತಿ ಒಬ್ಬರೇ. ಗಲ್ಲು ಹೆಚ್ಚಾಗಿ ಎರಗುವುದು ಬಡವರ ಮೇಲೆ ಎಂಬುದು ಅವರ ಭಿನ್ನಮತದ ಒಂದು ಆಧಾರ. ಹಲಗಲಿಯ ಗಲ್ಲುಗಂಬದಲ್ಲಿದ್ದವರು ಯಾರೆಂಬುದನ್ನು ಲಾವಣಿಕಾರನೂ ಮರೆಮಾಚಿಲ್ಲ.